ಹಗಲಿಡೀ ಮನೆಯಲ್ಲಿರುವವರಿಗೆ ಹೀಟಿಂಗ್ ಎಷ್ಟು ಡಿಗ್ರಿ ಬೇಕು? ನಮ್ಮಿಬ್ಬರ ಜಗಳ ಬಗೆಹರಿಯುತ್ತಿಲ್ಲ

ಪ್ರಶ್ನೆ: ಕರಾವಳಿಯವಳು, ರೆಡಿಂಗ್

ಎಲ್ಲರಿಗೂ ನಮಸ್ಕಾರ. ಮನೆಯೊಳಗಿನ ಮಾತನ್ನು ಹತ್ತು ಜನರ ಮುಂದೆ ಇಡುವುದು ಸರಿಯೇ ಎಂದು ಒಂದು ವಾರ ಯೋಚಿಸಿ ಇದನ್ನು ಬರೆಯುತ್ತಿದ್ದೇನೆ. ಊರಿನಲ್ಲಿರುವ ಅಮ್ಮನಿಗೆ ಹೇಳಿದರೆ ಗಾಬರಿಯಾಗುತ್ತಾರೆ. ಮೇಲಾಗಿ ಇಲ್ಲಿನ ಚಳಿ ಎಂಥದ್ದು, ಮನೆಯನ್ನು ಬೆಚ್ಚಗಿಡಲು ಎಷ್ಟು ಖರ್ಚಾಗುತ್ತದೆ ಎಂಬುದನ್ನು ಅಲ್ಲಿದ್ದವರಿಗೆ ಅರ್ಥವಾಗುವಂತೆ ಹೇಳುವುದು ಕಷ್ಟ. ಇಂಗ್ಲೆಂಡಿನ ಚಳಿಗಾಲವನ್ನೂ ಇಲ್ಲಿನ ಬಿಲ್ಲನ್ನೂ ಕಂಡವರು ಹೇಳಿದರೆ ನಮ್ಮಿಬ್ಬರಿಗೂ ಉಪಯೋಗವಾದೀತು ಎಂದುಕೊಂಡಿದ್ದೇನೆ.

ನಾವು ರೆಡಿಂಗ್‌ನಲ್ಲಿ ಕೆಂಪು ಇಟ್ಟಿಗೆಯ ಹಳೆಯ ಸಾಲುಮನೆಯೊಂದರಲ್ಲಿ ಬಾಡಿಗೆಗಿದ್ದೇವೆ. ವಿಕ್ಟೋರಿಯಾ ರಾಣಿಯ ಕಾಲದ ಕಟ್ಟಡವಂತೆ. ಗೋಡೆಗಳು ಗಟ್ಟಿ ಇಟ್ಟಿಗೆಯವು, ಕಿಟಕಿಗಳು ಮಾತ್ರ ಹೊಸವು. ನಲ್ಲಿಗೂ ರೇಡಿಯೇಟರ್‌ಗೂ ನೀರು ಕಾಯಿಸುವ ಗ್ಯಾಸಿನ ಕಾಂಬಿ ಬಾಯ್ಲರ್ ಇದೆ, ಆ ಬಿಸಿನೀರು ಹರಿದು ಕೋಣೆಗಳನ್ನು ಬೆಚ್ಚಗಾಗಿಸುವ ಏಳು ರೇಡಿಯೇಟರ್‌ಗಳಿವೆ. ಮಗುವಿಗೆ ಈಗ ಏಳು ತಿಂಗಳು. ನಾನು ಹೆರಿಗೆ ರಜೆಯಲ್ಲಿರುವುದರಿಂದ 2025ರ ದರದಂತೆ ವಾರಕ್ಕೆ 187 ಪೌಂಡ್ 18 ಪೆನ್ಸ್‌ನ ಶಾಸನಬದ್ಧ ಭತ್ಯೆಯಷ್ಟೇ ನನಗೆ ಬರುತ್ತದೆ. ಬಾಡಿಗೆ, ಗ್ಯಾಸ್, ಕರೆಂಟು ಎಲ್ಲವೂ ನನ್ನ ಪತಿಯ ಖಾತೆಯಿಂದ ಹೋಗುತ್ತವೆ. ಹೀಟಿಂಗ್ ವಿಚಾರ ಬಂದಾಗಲೆಲ್ಲ ನಾನು ಅರ್ಧ ಮಾತಿಗೇ ನಿಲ್ಲಿಸಿಬಿಡುವುದಕ್ಕೆ ಇದೇ ಕಾರಣವಾದ್ದರಿಂದ ಇಷ್ಟನ್ನು ಮೊದಲೇ ಹೇಳಿದೆ.

ಅವರು ಬೆಳಿಗ್ಗೆ ಏಳಕ್ಕೆ ಹೊರಟರೆ ಮರಳುವುದು ಸಂಜೆ ಆರೂವರೆಗೆ. ಅವರು ಹೊರಟ ಮೇಲೆ ಮನೆಯ ಬಿಸಿಯನ್ನು ನಿಯಂತ್ರಿಸುವ ಥರ್ಮೋಸ್ಟಾಟ್ 16 ಡಿಗ್ರಿಗೆ ಇಳಿಯುವಂತೆಯೂ ಬರುವ ಹೊತ್ತಿಗೆ 19ಕ್ಕೆ ಏರುವಂತೆಯೂ ಫೋನಿನಲ್ಲಿ ಹೊಂದಿಸಿದ್ದಾರೆ. ಚಿತ್ರದುರ್ಗದ ಕಡೆಯವರಾದ ಅವರಿಗೆ ಚಳಿ ಅಷ್ಟಾಗಿ ತಟ್ಟುವುದಿಲ್ಲ. ನಾನು ಮಂಗಳೂರಿನವಳು, ಡಿಸೆಂಬರ್‌ನಲ್ಲೂ ಫ್ಯಾನ್ ತಿರುಗುವ ಮನೆಯಲ್ಲಿ ಬೆಳೆದವಳು. ಎರಡು ಸ್ವೆಟರ್ ಹಾಕಿಕೊಂಡು, ಕಾಲಿಗೆ ಉಣ್ಣೆಯ ಚೀಲ ಏರಿಸಿಕೊಂಡು ಕೂತರೂ ಮಗುವಿನ ಅಂಗಿಯ ಗುಂಡಿ ಹಾಕಲು ಹೋದಾಗ ಬೆರಳುಗಳು ಮರಗಟ್ಟಿ ಮಾತು ಕೇಳುವುದಿಲ್ಲ.

ಎರಡು ವಾರಗಳ ಹಿಂದೆ, ಬೆಳಿಗ್ಗೆ ಹತ್ತು ಗಂಟೆಗೆ, ನಾನೇ ಹೋಗಿ 20ಕ್ಕೆ ಏರಿಸಿದೆ. ಅರ್ಧ ಗಂಟೆಯಲ್ಲಿ ರೇಡಿಯೇಟರ್ ಮತ್ತೆ ತಣ್ಣಗಾಯಿತು. ಬಾಯ್ಲರ್ ಕೆಟ್ಟಿತೇನೋ ಎಂದು ನಡುವಂಗಳಕ್ಕೆ, ಅಂದರೆ ಕೋಣೆಗಳ ನಡುವಿನ ಓಣಿಗೆ, ಹೋಗಿ ನೋಡಿದರೆ ಥರ್ಮೋಸ್ಟಾಟ್ 16 ತೋರಿಸುತ್ತಿತ್ತು. ಅವರು ಕಚೇರಿಯಲ್ಲಿ ಕೂತು ಫೋನಿನಿಂದ ಇಳಿಸಿದ್ದರು. ಚಳಿಯನ್ನು ಹೇಗೋ ತಡೆದುಕೊಂಡೇನು, ಆ ಗಳಿಗೆಯ ಅವಮಾನವನ್ನು ತಡೆದುಕೊಳ್ಳಲು ಆಗಲಿಲ್ಲ. ಸಂಜೆ ದೊಡ್ಡ ಜಗಳವಾಯಿತು.

ಅವರು ಜಿಪುಣರಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಮಗುವಿಗೆ, ನನಗೆ, ಊರಿಗೆ ಯಾವುದಕ್ಕೂ ಹಿಂದೆಮುಂದೆ ನೋಡಿದವರಲ್ಲ. ಆದರೆ 2025ರ ನವೆಂಬರ್ ಮೊದಲ ವಾರದಲ್ಲಿ, ಗ್ಯಾಸ್ ಮತ್ತು ಕರೆಂಟಿಗೆಂದು ಖಾತೆಯಿಂದ ತಾನಾಗಿ ಕಡಿತವಾಗುವ ಡೈರೆಕ್ಟ್ ಡೆಬಿಟ್ ತಿಂಗಳಿಗೆ 148 ಪೌಂಡಿನಿಂದ 186ಕ್ಕೆ ಏರಿದೆ ಎಂಬ ಪತ್ರ ಬಂದ ಮೇಲೆ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ. ‘ಸರ್ಕಾರ ಹಾಕಿರುವ ಮಿತಿಯೇ ವರ್ಷಕ್ಕೆ 1,755 ಪೌಂಡ್, ನಮ್ಮದು 2,232 ಆಗುತ್ತಿದೆ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು’ ಎನ್ನುತ್ತಾರೆ.

ಇನ್ನೊಂದು ವಿಷಯವನ್ನು ಅವರಿಗೆ ನಾನು ಹೇಳಿಲ್ಲ. ಅಕ್ಟೋಬರ್‌ನಲ್ಲಿ ಒಂದು ಸಣ್ಣ ಫ್ಯಾನ್ ಹೀಟರ್ ಕೊಂಡಿದ್ದೇನೆ, 2 ಕಿಲೋವಾಟಿನದು. ಹಗಲು ಮಗುವಿನ ಕೋಣೆಯಲ್ಲಿ ನಾಲ್ಕೈದು ಗಂಟೆ ಹಚ್ಚಿಟ್ಟು, ಅವರು ಬರುವ ಮೊದಲು ಆರಿಸಿ ಮಂಚದ ಕೆಳಗೆ ಇಡುತ್ತೇನೆ. ಹೀಗೆ ಕದ್ದುಮುಚ್ಚಿ ಬೆಚ್ಚಗಿರುವುದು ನನಗೇ ಹಿಡಿಸುತ್ತಿಲ್ಲ.

ಮಗು ಇರುವ ಮನೆಯಲ್ಲಿ ಹಗಲು ಎಷ್ಟು ಡಿಗ್ರಿ ಇರಬೇಕು? ಖರ್ಚು ವಿಪರೀತ ಏರದಂತೆ ಅದನ್ನು ಸಾಧಿಸಲು ದಾರಿಯಿದೆಯೇ? ಅವರ ಮನಸ್ಸು ನೋಯದ ಹಾಗೆ ಈ ಮಾತನ್ನು ಎತ್ತುವುದು ಹೇಗೆ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: ಲೆಕ್ಕಪತ್ರದವನು, ಲೀಡ್ಸ್

ನಮಸ್ಕಾರ. ನಿಮ್ಮ ಪತ್ರ ಓದಿದ ಕೂಡಲೇ ಕಾಗದ, ಪೆನ್ನು ತೆಗೆದುಕೊಂಡು ಕೂತೆ. ನೀವಿಬ್ಬರೂ ಯಾವ ಹಣಕ್ಕಾಗಿ ಜಗಳವಾಡುತ್ತಿದ್ದೀರೋ ಆ ಹಣ ಹೋಗುತ್ತಿರುವ ದಾರಿಯೇ ಬೇರೆ ಎಂದು ನನಗೆ ಅನ್ನಿಸುತ್ತಿದೆ.

ಮೊದಲು ನಿಮ್ಮ ಯಜಮಾನರ 1,755 ಪೌಂಡಿನ ವಿಚಾರ. ಇಂಧನ ನಿಯಂತ್ರಕ ಸಂಸ್ಥೆಯಾದ ಆಫ್‌ಜೆಮ್ ಹಾಕುವುದು ಒಂದು ಯೂನಿಟ್‌ನ (ಕಿಲೋವಾಟ್-ಗಂಟೆಯ) ಬೆಲೆಗೆ ಮತ್ತು ದಿನದ ಸ್ಥಿರ ಶುಲ್ಕಕ್ಕೆ ಮಿತಿಯೇ ಹೊರತು ಒಂದು ಮನೆಯ ಒಟ್ಟು ಬಿಲ್ಲಿಗೆ ಮಿತಿಯಲ್ಲ. ವರ್ಷಕ್ಕೆ 11,500 ಯೂನಿಟ್ ಗ್ಯಾಸ್, 2,700 ಯೂನಿಟ್ ಕರೆಂಟ್ ಬಳಸುವ ಮನೆಗೆ ಆ ದರದಲ್ಲಿ ಎಷ್ಟಾಗುತ್ತದೆ ಎಂಬ ಉದಾಹರಣೆಯಷ್ಟೇ ಆ 1,755. ಹೆಚ್ಚು ಬಳಸಿದವರಿಗೆ ಹೆಚ್ಚೇ ಬರುತ್ತದೆ, ಕಡಿಮೆ ಬಳಸಿದವರಿಗೆ ಕಡಿಮೆ. ವಾರ್ತೆಗಳಲ್ಲಿ ಪ್ರತಿ ಮೂರು ತಿಂಗಳಿಗೊಮ್ಮೆ ಒಂದೇ ಸಂಖ್ಯೆಯನ್ನು ದೊಡ್ಡದಾಗಿ ಹೇಳುವುದರಿಂದ ಈ ತಪ್ಪು ತಿಳಿವಳಿಕೆ ಬಹಳ ಮನೆಗಳಲ್ಲಿದೆ. ಇಡೀ ದಿನ ಮಗುವಿನೊಂದಿಗೆ ಒಬ್ಬರು ಮನೆಯಲ್ಲೇ ಇರುವ ನಿಮ್ಮ ಸಂಸಾರದ ಬಿಲ್ಲು ಅದಕ್ಕಿಂತ ಮೇಲೆ ಹೋದರೆ ಯಾರೋ ದುಂದು ಮಾಡುತ್ತಿದ್ದಾರೆ ಎಂದು ಅರ್ಥವಲ್ಲ.

2025ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮಿತಿಯಲ್ಲಿ ಗ್ಯಾಸ್ ಯೂನಿಟ್‌ಗೆ ಸರಾಸರಿ 6.29 ಪೆನ್ಸ್, ಕರೆಂಟು 26.35 ಪೆನ್ಸ್. ಅಂದರೆ ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಗ್ಯಾಸಿನ ನಾಲ್ಕು ಪಟ್ಟಿಗೂ ಹೆಚ್ಚು ತೆರಬೇಕು. ನಿಮ್ಮ 2 ಕಿಲೋವಾಟಿನ ಹೀಟರ್ ಗಂಟೆಗೆ 2 ಯೂನಿಟ್ ತಿನ್ನುತ್ತದೆ. ಐದು ಗಂಟೆಗೆ 10 ಯೂನಿಟ್, ಅಂದರೆ 2 ಪೌಂಡ್ 63 ಪೆನ್ಸ್. ತಿಂಗಳ 22 ಕೆಲಸದ ದಿನಗಳಿಗೆ ಸುಮಾರು 58 ಪೌಂಡ್. ಅದು ನಡುನಡುವೆ ತಾನೇ ಆರಿ ಹತ್ತುವಂಥದ್ದಾಗಿದ್ದು ಅರ್ಧದಷ್ಟೇ ಉರಿಯಿತು ಎಂದುಕೊಂಡರೂ ದಿನಕ್ಕೆ 1 ಪೌಂಡ್ 30 ಪೆನ್ಸ್ ದಾಟುತ್ತದೆ.

ಇನ್ನು ನೀವು ಕೇಳುತ್ತಿರುವ ಬಿಸಿಯ ಬೆಲೆ. ನಿಮ್ಮಂಥ ಮನೆಗೆ ವರ್ಷಕ್ಕೆ 14,000 ಯೂನಿಟ್ ಗ್ಯಾಸ್ ಬೇಕು ಎಂದು ಇಟ್ಟುಕೊಳ್ಳೋಣ. ನಿಮ್ಮ ಬಿಲ್ಲಿನಲ್ಲಿ ನಿಜವಾದ ಸಂಖ್ಯೆ ಇರುತ್ತದೆ, ಅದನ್ನು ಹಾಕಿ ನೋಡಿ. ಅದರಲ್ಲಿ ಸ್ನಾನ, ಅಡುಗೆ ಕಳೆದರೆ ಮನೆ ಬಿಸಿಮಾಡುವುದಕ್ಕೆ 11,000. ಒಂದು ಡಿಗ್ರಿ ಏರಿಸಿದರೆ ಈ ಭಾಗ ಸುಮಾರು ಹತ್ತನೆಯ ಒಂದರಷ್ಟು ಏರುತ್ತದೆ. ಹಗಲು ಮಾತ್ರ 16ರಿಂದ 20ಕ್ಕೆ, ಅಂದರೆ ಅರ್ಧ ದಿನ ನಾಲ್ಕು ಡಿಗ್ರಿ ಏರಿಸುವುದು ಇಡೀ ದಿನ ಎರಡು ಡಿಗ್ರಿ ಏರಿಸಿದಂತೆ. ಹಾಗಾದರೆ 2,200 ಯೂನಿಟ್ ಹೆಚ್ಚು, 138 ಪೌಂಡ್. ಚಳಿಯ ಆರು ತಿಂಗಳಿಗೆ ಹಂಚಿದರೆ ದಿನಕ್ಕೆ 77 ಪೆನ್ಸ್. ಇದು ಅಂದಾಜಿನ ಲೆಕ್ಕ, ಆದರೆ 77 ಪೆನ್ಸ್ ಉಳಿಸಲು ಹೋಗಿ 1 ಪೌಂಡ್ 30 ಪೆನ್ಸ್‌ನಿಂದ 2 ಪೌಂಡ್ 63 ಪೆನ್ಸ್‌ವರೆಗೆ ಕಳೆಯುತ್ತಿದ್ದೀರಿ ಎಂಬುದಂತೂ ಇದರಿಂದ ಕಾಣುತ್ತದೆ.

ತಪ್ಪು ನಿಮ್ಮದೆಂದು ಹೇಳುತ್ತಿಲ್ಲ. ಹೀಟರನ್ನು ಮಂಚದ ಕೆಳಗೆ ಇಟ್ಟದ್ದರಿಂದ ಅವರ ಲೆಕ್ಕಕ್ಕೆ ಒಂದು ಸಾಲು ಸಿಕ್ಕಿಲ್ಲ, ಅಷ್ಟೇ. ಅವರು ಗ್ಯಾಸ್ ಇಳಿಸುತ್ತಾರೆ, ಕರೆಂಟು ಏರುತ್ತದೆ, ಒಟ್ಟು ಬಿಲ್ಲು ಏರಿದ್ದನ್ನು ಕಂಡು ಗ್ಯಾಸನ್ನು ಇನ್ನಷ್ಟು ಇಳಿಸುತ್ತಾರೆ. ದಯವಿಟ್ಟು ಹೀಟರಿನ ವಿಷಯವನ್ನು ಮೊದಲು ಹೇಳಿಬಿಡಿ, ಈ ಲೆಕ್ಕದ ಜೊತೆಗೇ ಹೇಳಿ.

ಡೈರೆಕ್ಟ್ ಡೆಬಿಟ್ ಬಗ್ಗೆಯೂ ಒಂದು ಮಾತು. ಅದು ವರ್ಷದ ಅಂದಾಜನ್ನು ಹನ್ನೆರಡು ಪಾಲು ಮಾಡಿದ ಕಂತು. ಬೇಸಿಗೆಯಲ್ಲಿ ಜಮೆಯಾದದ್ದು ಚಳಿಗಾಲದಲ್ಲಿ ಕರಗುತ್ತದೆ. ಅಂದಾಜಿನ ರೀಡಿಂಗ್ ಮೇಲೆ ಏರಿಸಿದ್ದಾರೆಯೇ, ಮೀಟರಿನ ನಿಜವಾದ ರೀಡಿಂಗ್ ಮೇಲೆ ಏರಿಸಿದ್ದಾರೆಯೇ ಎಂದು ಬಿಲ್ಲಿನಲ್ಲಿ ನೋಡಿ. ಅಂದಾಜಾಗಿದ್ದರೆ ನಿಜವಾದ ರೀಡಿಂಗ್ ಕೊಟ್ಟು ಮರುಪರಿಶೀಲನೆ ಕೇಳುವ ಹಕ್ಕು ನಿಮಗಿದೆ.

ಉತ್ತರ 2: ಹೀಟಿಂಗ್ ವಿನ್ಯಾಸಕ, ಲೆಸ್ಟರ್

ಕಟ್ಟಡಗಳಿಗೆ ಹೀಟಿಂಗ್ ವ್ಯವಸ್ಥೆ ರೂಪಿಸುವುದು ನನ್ನ ಉದ್ಯೋಗ. ಮೇಲಿನವರ ಲೆಕ್ಕ ಸರಿಯಾಗಿದೆ. ನಾನು ಬಾಯ್ಲರ್ ಬಗ್ಗೆ ಮತ್ತು ಆ ಥರ್ಮೋಸ್ಟಾಟ್ ಇರುವ ಜಾಗದ ಬಗ್ಗೆ ಹೇಳುತ್ತೇನೆ.

ನಿಮ್ಮ ಥರ್ಮೋಸ್ಟಾಟ್ ನಡುವಂಗಳದಲ್ಲಿದೆ ಎಂದು ಬರೆದಿದ್ದೀರಿ. ಅದು ತಾನು ನಿಂತ ಗೋಡೆಯ ಬಳಿಯ ಗಾಳಿಯನ್ನು ಮಾತ್ರ ಅಳೆಯುತ್ತದೆ. ಉತ್ತರಕ್ಕೆ ಮುಖ ಮಾಡಿದ ಕೋಣೆಯಲ್ಲಿ ಅದಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ ಇರುವುದು ಇಂಥ ಹಳೆಯ ಮನೆಗಳಲ್ಲಿ ಸಾಮಾನ್ಯ. ಇದಲ್ಲದೆ ಗಟ್ಟಿ ಇಟ್ಟಿಗೆಯ ಗೋಡೆ ತಣ್ಣಗಿರುವಾಗ ಕೋಣೆಯ ಗಾಳಿ 18 ಡಿಗ್ರಿ ಇದ್ದರೂ ಮೈಯ ಶಾಖ ಗೋಡೆಯ ಕಡೆಗೆ ಹರಿಯುತ್ತಿರುತ್ತದೆ. ಆದ್ದರಿಂದ ಗೋಡೆಯ ಪಕ್ಕ ಕೂತವರಿಗೆ ಆ ಸಂಖ್ಯೆ ಹೇಳುವುದಕ್ಕಿಂತ ಹೆಚ್ಚು ಚಳಿಯಾಗುವುದು ಸಹಜ. ನಿಮಗೆ ಆಗುತ್ತಿರುವುದು ಬರೀ ಭಾವನೆಯಲ್ಲ. ಸಣ್ಣದೊಂದು ಥರ್ಮಾಮೀಟರನ್ನು ಮಗುವಿನ ಕೋಣೆಯಲ್ಲಿ, ನೀವು ಕೂರುವ ಎತ್ತರದಲ್ಲಿ, ಕಿಟಕಿ ಮತ್ತು ರೇಡಿಯೇಟರ್ ಎರಡರಿಂದಲೂ ದೂರ ಇಡಿ. ಮೂರು ದಿನ ಬೆಳಿಗ್ಗೆ ಎಂಟು, ಹನ್ನೊಂದು, ಮಧ್ಯಾಹ್ನ ಮೂರು ಗಂಟೆಗೆ ಗುರುತು ಹಾಕಿಕೊಳ್ಳಿ. ನಡುವಂಗಳದ 16ರ ಬದಲು ಆ ಅಂಕಿಗಳ ಮೇಲೆ ಮಾತನಾಡಿ.

ಈಗ ಬಾಯ್ಲರ್. ಇಂಗ್ಲೆಂಡಿನಲ್ಲಿ 2005ರಿಂದೀಚೆಗೆ ಹೊಸದಾಗಿ ಕೂರಿಸಿದ ಗ್ಯಾಸ್ ಬಾಯ್ಲರ್‌ಗಳು, ಕೆಲವೇ ವಿನಾಯಿತಿಗಳನ್ನು ಬಿಟ್ಟರೆ, ಕಂಡೆನ್ಸಿಂಗ್ ಬಗೆಯವು. ಹೊಗೆಯಲ್ಲಿರುವ ನೀರಿನ ಆವಿಯನ್ನು ತಣಿಸಿ, ಅದರಲ್ಲಿರುವ ಶಾಖವನ್ನೂ ಹಿಂದಕ್ಕೆ ಹಿಡಿಯುವುದು ಇವುಗಳ ಗುಣ. ಆದರೆ ರೇಡಿಯೇಟರ್‌ಗಳಲ್ಲಿ ಸುತ್ತಿ ಮರಳುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಆ ಕೆಲಸ ಸರಿಯಾಗಿ ನಡೆಯುತ್ತದೆ. ಕೂರಿಸಿದವರು ರೇಡಿಯೇಟರ್‌ಗೆ ಹೋಗುವ ನೀರನ್ನು 75, 80 ಡಿಗ್ರಿಗೆ ಇಟ್ಟು ಹೋಗಿರುತ್ತಾರೆ. ಮನೆಯವರು ಅದನ್ನು ಮುಟ್ಟುವುದೇ ಇಲ್ಲ. ನಿಮ್ಮ ಬಾಯ್ಲರ್ ಮೇಲೆ ಎರಡು ತಿರುಗಣೆಗಳು ಅಥವಾ ಗುಂಡಿಗಳಿರುತ್ತವೆ, ಒಂದರ ಪಕ್ಕ ನಲ್ಲಿಯ ಚಿತ್ರ, ಇನ್ನೊಂದರ ಪಕ್ಕ ರೇಡಿಯೇಟರ್ ಚಿತ್ರ. ರೇಡಿಯೇಟರ್ ಚಿತ್ರದ್ದನ್ನು 60ಕ್ಕೆ ಇಳಿಸಿ. ರೇಡಿಯೇಟರ್ ಮುಟ್ಟಿದರೆ ಮೊದಲಿನಷ್ಟು ಸುಡುವುದಿಲ್ಲ, ಕೋಣೆ ಬಿಸಿಯಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ, ಆದರೆ ಅದೇ 20 ಡಿಗ್ರಿಗೆ ಕಡಿಮೆ ಗ್ಯಾಸ್ ಸಾಕಾಗುತ್ತದೆ. ಕಡುಚಳಿಯ ವಾರದಲ್ಲಿ ಸಾಲದಿದ್ದರೆ 65ಕ್ಕೆ ಏರಿಸಿಕೊಳ್ಳಿ. ಇದು ಕಾಂಬಿ ಬಾಯ್ಲರ್ ಇರುವವರಿಗೆ ಹೇಳುತ್ತಿರುವ ಮಾತು. ಬಿಸಿನೀರಿನ ಪ್ರತ್ಯೇಕ ಸಿಲಿಂಡರ್ ಇರುವ ಮನೆಯಲ್ಲಿ ಸಿಲಿಂಡರಿನ ನೀರು 60ಕ್ಕಿಂತ ಕೆಳಗೆ ಇಳಿಯಬಾರದು, ಲೆಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿರುತ್ತದೆ.

ರೇಡಿಯೇಟರ್‌ಗಳ ಪಕ್ಕದಲ್ಲಿ 1ರಿಂದ 5ರವರೆಗೆ ಅಂಕಿಗಳಿರುವ ವಾಲ್ವ್ ಇದ್ದರೆ, ಹಗಲು ಯಾರೂ ಕಾಲಿಡದ ಕೋಣೆಗಳನ್ನು 1 ಅಥವಾ 2ಕ್ಕೆ ಇಳಿಸಿ, ಬಾಗಿಲು ಮುಚ್ಚಿ. ಪೂರ್ತಿ ಆರಿಸಬೇಡಿ, ಗೋಡೆ ತೇವ ಹಿಡಿಯುತ್ತದೆ. ಥರ್ಮೋಸ್ಟಾಟ್ ಇರುವ ನಡುವಂಗಳದಲ್ಲಿಯೇ ರೇಡಿಯೇಟರ್ ಇದ್ದರೆ ಅದನ್ನೂ ಸ್ವಲ್ಪ ತಗ್ಗಿಸಿ. ಇಲ್ಲದಿದ್ದರೆ ನಡುವಂಗಳ ಬೇಗ ಬಿಸಿಯಾಗಿ, ಮಗುವಿನ ಕೋಣೆ ಬೆಚ್ಚಗಾಗುವ ಮೊದಲೇ ಬಾಯ್ಲರ್ ನಿಂತುಬಿಡುತ್ತದೆ. ಪರದೆ ರೇಡಿಯೇಟರ್ ಮೇಲೆ ಇಳಿಬಿದ್ದಿದೆಯೇ ಎಂದೂ ನೋಡಿ. ಇಳಿಬಿದ್ದ ಪರದೆ ಶಾಖವನ್ನು ನೇರವಾಗಿ ಕಿಟಕಿಗೆ ಕೊಡುತ್ತದೆ. ಬಳಸದ ಹಳೆಯ ಬೆಂಕಿಗೂಡು ಇದ್ದರೆ ಬೆಚ್ಚಗಿನ ಗಾಳಿ ಚಿಮಣಿಯಲ್ಲಿ ಮೇಲಕ್ಕೆ ಹೋಗುತ್ತಲೇ ಇರುತ್ತದೆ. ಮಾಲೀಕರನ್ನು ಕೇಳಿ ಚಿಮಣಿಗೆ ಗಾಳಿ ತುಂಬುವ ಬಲೂನ್ ಹಾಕಿಸಬಹುದು.

ಬಾಡಿಗೆ ಮನೆ ಎಂದಿದ್ದೀರಿ. ವಿನಾಯಿತಿ ನೋಂದಾಯಿಸದ ಹೊರತು ಇಂಗ್ಲೆಂಡಿನಲ್ಲಿ ಬಾಡಿಗೆಗೆ ಕೊಡುವ ಮನೆಯ ಇಪಿಸಿ (ಇಂಧನ ದಕ್ಷತೆಯ ಪ್ರಮಾಣಪತ್ರ) ದರ್ಜೆ ಕನಿಷ್ಠ ‘ಇ’ ಇರಲೇಬೇಕು. ನಿಮ್ಮ ಮನೆಯ ಪ್ರಮಾಣಪತ್ರ ಸರ್ಕಾರದ ಜಾಲತಾಣದಲ್ಲಿ ವಿಳಾಸ ಹಾಕಿದರೆ ಸಿಗುತ್ತದೆ. ಅಟ್ಟದಲ್ಲಿ ನಿರೋಧಕ ಪದರ ಇದೆಯೇ ಎಂಬುದನ್ನು ಅದರಲ್ಲಿ ಬರೆದಿರುತ್ತಾರೆ. 270 ಮಿಲಿಮೀಟರ್ ಇರಬೇಕಾದ ಕಡೆ 100 ಇದ್ದರೆ ಮಾಲೀಕರಿಗೆ ಬರೆಯಿರಿ.

ಉತ್ತರ 3: ಕೊವೆಂಟ್ರಿ ನಿವಾಸಿ

ನಿಮ್ಮ ಪತಿಯ ಜಾಗದಲ್ಲಿ ನಾನಿದ್ದೆ, ಆದ್ದರಿಂದ ಅವರ ಪರವಾಗಿ ಎರಡು ಮಾತು ಹೇಳುತ್ತೇನೆ.

ನಾನು ಈ ದೇಶಕ್ಕೆ ಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ. ಅದರ ಹಿಂದಿನ ವರ್ಷದ ಅಕ್ಟೋಬರ್‌ನಲ್ಲಿ ಯೂನಿಟ್‌ಗೆ ಸುಮಾರು 4 ಪೆನ್ಸ್ ಇದ್ದ ಗ್ಯಾಸ್, ಉಕ್ರೇನ್ ಯುದ್ಧದ ನಂತರ ಸರ್ಕಾರವೇ ಬೆಲೆ ತಡೆದು ಹಿಡಿದರೂ 10.3 ಪೆನ್ಸ್ ಆಗಿತ್ತು. ಕರೆಂಟು 34 ಪೆನ್ಸ್. ನಾಲ್ವರು ಹುಡುಗರು ಹಂಚಿಕೊಂಡಿದ್ದ ಮನೆಯಲ್ಲಿ ಮೊದಲೇ ಹಣ ತುಂಬುವ ಮೀಟರ್ ಇತ್ತು. ಗ್ಯಾಸಿನ ಕಾರ್ಡ್, ಕರೆಂಟಿನ ಕೀ ಹಿಡಿದು ಮೂಲೆಯ ಅಂಗಡಿಗೆ ಹೋಗಿ ಹತ್ತು ಪೌಂಡ್ ತುಂಬಿಸಿಕೊಂಡು ಬಂದರೆ ಡಿಸೆಂಬರ್ ಎರಡನೆಯ ವಾರದ ಹಿಮದಲ್ಲಿ ಅದು ಎರಡು ದಿನಕ್ಕೂ ಬರುತ್ತಿರಲಿಲ್ಲ. ತುರ್ತು ಸಾಲದ ಐದು ಹತ್ತು ಪೌಂಡೂ ಮುಗಿದು, ನಡುರಾತ್ರಿ ಮೀಟರ್ ಟಿಕ್ ಎಂದು ನಿಂತ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

ಆ ಚಳಿಗಾಲ ಕಂಡವನಿಗೆ ರೇಡಿಯೇಟರ್ ಬಿಸಿಯಾದ ಕೂಡಲೇ ಹಣ ಹರಿದು ಹೋಗುತ್ತಿರುವಂತೆ ಕಾಣುತ್ತದೆ. ಬೆಲೆ ಇಳಿದು ಎರಡು ವರ್ಷವಾದರೂ ನನ್ನ ಕೈ ಥರ್ಮೋಸ್ಟಾಟ್ ಇಳಿಸುವುದನ್ನು ಬಿಟ್ಟಿರಲಿಲ್ಲ. ನಿಮ್ಮವರ ಕಥೆ ಇದೇ ಎಂದು ನಾನು ಹೇಳಲಾರೆ. ಆದರೆ ಮದುವೆಗೆ ಮೊದಲಿನ ಅವರ ಚಳಿಗಾಲಗಳು ಹೇಗಿದ್ದವು ಎಂದು ಒಮ್ಮೆ ಸಮಾಧಾನವಾಗಿ ಕೇಳಿ.

ಕಚೇರಿಯಿಂದ ಫೋನಿನಲ್ಲಿ ಇಳಿಸಿದ್ದು ಮಾತ್ರ ಸರಿಯಲ್ಲ, ನಾನೂ ಅದನ್ನೇ ಮಾಡಿದ್ದೆ, ಇಂದಿಗೂ ಅದಕ್ಕಾಗಿ ಪಶ್ಚಾತ್ತಾಪವಿದೆ. ಬೆಚ್ಚಗಿನ ಕಚೇರಿಯಲ್ಲಿ ಕೂತವನು ಮನೆಯಲ್ಲಿರುವವರ ಚಳಿಯನ್ನು ತೀರ್ಮಾನಿಸುವಂತಿಲ್ಲ. ನನ್ನ ಕಣ್ಣು ತೆರೆಸಿದ್ದು ಕಾಲು ಉಳುಕಿ ಒಂದು ವಾರ ಮನೆಯಿಂದ ಕೆಲಸ ಮಾಡಿದ ಅನುಭವ. ಎರಡನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ನಾನೇ ಎದ್ದು ಹೋಗಿ 20ಕ್ಕೆ ತಿರುಗಿಸಿದೆ. ನನ್ನ ಹೆಂಡತಿ ನೋಡಿದಳು, ಏನೂ ಅನ್ನಲಿಲ್ಲ. ನಿಮ್ಮವರಿಗೆ ಒಂದು ದಿನ ರಜೆ ಹಾಕಿ, ಅವರೇ ಹೊಂದಿಸಿದ 16 ಡಿಗ್ರಿಯಲ್ಲಿ ಸಂಜೆಯವರೆಗೆ ಮಗುವನ್ನು ನೋಡಿಕೊಳ್ಳಲು ಹೇಳಿ. ಪರೀಕ್ಷೆಯೆಂದು ಹೇಳಬೇಡಿ, ನಿಮಗೆ ಹೊರಗೆ ಕೆಲಸವಿದೆ ಎಂದರೆ ಸಾಕು.

ಉತ್ತರ 4: ಮ್ಯಾಂಚೆಸ್ಟರ್ ಅಕ್ಕ

ತಂಗೀ, ಇಲ್ಲಿ 31 ಚಳಿಗಾಲ ಕಳೆದವಳು ನಾನು. ಹಣದ ಲೆಕ್ಕವನ್ನು ಬಲ್ಲವರು ಹೇಳಿದ್ದಾರೆ. ನಾನು ಆರೋಗ್ಯದ ಮಾತಷ್ಟೇ ಹೇಳುತ್ತೇನೆ.

ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಆದ್ದರಿಂದ ಇಡೀ ದಿನ ಮನೆಯಲ್ಲಿರುವ ಬಾಣಂತಿಗೆ 16 ಸಾಲದು. ಮಗು ಮಲಗುವ ಕೋಣೆಗೆ ಶಿಶುಗಳ ಸುರಕ್ಷಿತ ನಿದ್ರೆಗಾಗಿ ಕೆಲಸ ಮಾಡುವ ಇಲ್ಲಿನ ಲಲ್ಲಬೈ ಟ್ರಸ್ಟ್ ಹೇಳುವುದು 16ರಿಂದ 20. ಮಗುವಿಗೆ ಅತಿಯಾದ ಬಿಸಿಯೂ ಅಪಾಯವೇ ಎಂಬುದನ್ನು ನೆನಪಿಡಿ. ನಮ್ಮ ಕಡೆ ಹುಟ್ಟಿದಾಗಿನಿಂದ ಕುಲಾವಿ ಕಟ್ಟಿಯೇ ಮಲಗಿಸುವುದು ರೂಢಿ. ಇಲ್ಲಿ ಮನೆಯೊಳಗೆ ಮಲಗಿಸುವಾಗ ಕುಲಾವಿ ತೆಗೆಯಬೇಕು, ಮೈಯಲ್ಲಿ ಅತಿಯಾದ ಶಾಖವನ್ನು ಮಗು ತಲೆಯ ಮೂಲಕ ಹೊರಬಿಡುತ್ತದೆ. ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡಿ, ಕೈಕಾಲು ತಣ್ಣಗಿದ್ದರೆ ಗಾಬರಿಯಾಗಬೇಡಿ. ಆ ಫ್ಯಾನ್ ಹೀಟರನ್ನು ಮಲಗಿದ ಮಗುವಿನ ಹತ್ತಿರ ಹಚ್ಚಿಟ್ಟು ಹೋಗಬೇಡಿ, ಬಟ್ಟೆಯ ಪಕ್ಕವಂತೂ ಬೇಡವೇ ಬೇಡ.

ಬೀರುವನ್ನು ಸರಿಸಿ ಅದರ ಹಿಂದಿನ ಗೋಡೆ ನೋಡಿ. ಕಪ್ಪು ಚುಕ್ಕೆ ಇದ್ದರೆ ಅದು ಬೂಷ್ಟು. ಮನೆ ತಣ್ಣಗಿದ್ದು, ಒದ್ದೆ ಬಟ್ಟೆ ಒಳಗೇ ಒಣಗಿಸಿದರೆ ಅದು ಬಂದೇ ಬರುತ್ತದೆ. ನಮ್ಮ ಪಕ್ಕದ ರೊಚ್‌ಡೇಲ್‌ನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು 2020ರ ಡಿಸೆಂಬರ್‌ನಲ್ಲಿ ತೀರಿಕೊಂಡಿತು. ಮನೆಯ ಬೂಷ್ಟಿನಿಂದಾದ ಉಸಿರಾಟದ ತೊಂದರೆಯೇ ಕಾರಣವೆಂದು 2022ರಲ್ಲಿ ವಿಚಾರಣೆಯಲ್ಲಿ ತೀರ್ಮಾನವಾಯಿತು. ಕೌನ್ಸಿಲ್ ಮತ್ತು ಹೌಸಿಂಗ್ ಅಸೋಸಿಯೇಷನ್‌ಗಳ ಬಾಡಿಗೆ ಮನೆಗಳಲ್ಲಿ ಬೂಷ್ಟನ್ನು ಗಡುವಿನೊಳಗೆ ಸರಿಪಡಿಸಬೇಕೆಂಬ ಕಾನೂನು ಆ ಮಗುವಿನ ಹೆಸರಿನಲ್ಲೇ 2025ರ ಅಕ್ಟೋಬರ್‌ನಲ್ಲಿ ಜಾರಿಯಾಗಿದೆ. ನಿಮ್ಮನ್ನು ಹೆದರಿಸಲು ಹೇಳಿದ್ದಲ್ಲ. ಬೂಷ್ಟು ಕಂಡರೆ ಒರೆಸಿ ಸುಮ್ಮನಾಗದೆ ಮಾಲೀಕರಿಗೆ ಬರಹದಲ್ಲಿ ತಿಳಿಸಿ.

ಕೊನೆಯದು. ಹೆರಿಗೆಯಾದ ವರ್ಷದಲ್ಲಿ ಇಷ್ಟು ಚಳಿಯಾಗುತ್ತಿದ್ದರೆ ಜಿಪಿ (ಇಲ್ಲಿನ ಕುಟುಂಬ ವೈದ್ಯರು) ಬಳಿ ಹೋಗಿ ಥೈರಾಯ್ಡ್, ರಕ್ತದಲ್ಲಿನ ಕಬ್ಬಿಣದ ಅಂಶ ಎರಡನ್ನೂ ಪರೀಕ್ಷೆ ಮಾಡಿಸಿ. ನನಗೆ ಎರಡನೆಯ ಹೆರಿಗೆಯ ನಂತರ ಥೈರಾಯ್ಡ್ ಕುಗ್ಗಿತ್ತು. ಚಳಿ, ಸುಸ್ತು, ಕೂದಲು ಉದುರುವುದು ಎಲ್ಲವನ್ನೂ ಬಾಣಂತಿತನದ್ದೆಂದು ಒಂದು ವರ್ಷ ತಳ್ಳಿಹಾಕಿದ್ದೆ.

ಮರುಬರಹ: ಕರಾವಳಿಯವಳು, ರೆಡಿಂಗ್

ಎಲ್ಲರಿಗೂ ಹೃದಯಪೂರ್ವಕ ಧನ್ಯವಾದಗಳು. ಮೂರು ವಾರಗಳಾದವು, ಆದದ್ದನ್ನು ತಿಳಿಸುತ್ತೇನೆ.

ಲೆಸ್ಟರಿನವರು ಹೇಳಿದಂತೆ ಥರ್ಮಾಮೀಟರ್ ಇಟ್ಟೆ. ನಡುವಂಗಳ 16 ತೋರಿಸುವಾಗ ಮಗುವಿನ ಕೋಣೆಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ 14.2 ಇತ್ತು. ಶನಿವಾರ ಮಗು ಮಲಗಿದ ಮೇಲೆ ಹೀಟರನ್ನು ಮಂಚದ ಕೆಳಗಿನಿಂದ ತೆಗೆದು ಊಟದ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಆ ಮೂರು ದಿನಗಳ ಅಂಕಿಗಳನ್ನೂ ಲೀಡ್ಸಿನವರ ಲೆಕ್ಕವನ್ನೂ ಇಟ್ಟೆ. ಅವರು ಕಾಗದವನ್ನು ಎರಡು ಸಲ ಓದಿದರು. ‘14.2 ಎಂದು ನೀನು ನನಗೆ ಯಾಕೆ ಹೇಳಲಿಲ್ಲ’ ಎಂದರು. ‘ಹೇಳಿದ್ದೆ, ಚಳಿ ಎಂದು ಹೇಳಿದ್ದೆ’ ಎಂದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ನಾನು ಕೇಳದೆಯೇ, 2022ರಲ್ಲಿ ಅವರಿದ್ದ ಕೋಣೆಯ ವಿಷಯ ಹೇಳಿದರು. ಕೊವೆಂಟ್ರಿಯವರೇ, ನೀವು ಬರೆದದ್ದಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಮದುವೆಯಾಗಿ ಎರಡು ವರ್ಷವಾದರೂ ನನಗೆ ಇದು ಗೊತ್ತಿರಲಿಲ್ಲ.

ಬಾಯ್ಲರಿನ ರೇಡಿಯೇಟರ್ ತಿರುಗಣೆ ತುದಿಗೆ ಇತ್ತು, 60ಕ್ಕೆ ಇಳಿಸಿದ್ದೇವೆ. ಮಗುವಿನ ಕೋಣೆಯ ಪರದೆಯನ್ನು ಕಿಟಕಿಯ ಹಲಗೆಯವರೆಗೆ ಮಡಿಸಿ ಹೊಲಿದೆ. ನಡುವಂಗಳದ ರೇಡಿಯೇಟರನ್ನು 2ಕ್ಕೆ, ಅತಿಥಿ ಕೋಣೆಯದನ್ನು 1ಕ್ಕೆ ಇಟ್ಟಿದ್ದೇವೆ. ಹಗಲು 19, ರಾತ್ರಿ ಹತ್ತರ ನಂತರ 17 ಎಂದು ಇಬ್ಬರೂ ಕೂತು ಹೊಂದಿಸಿದೆವು. ಆ್ಯಪ್ ಈಗ ನನ್ನ ಫೋನಿನಲ್ಲೂ ಇದೆ. ಬದಲಿಸುವವರು ಮೊದಲು ಹೇಳಿ ಬದಲಿಸಬೇಕು. ಫ್ರಿಜ್ಜಿನ ಮೇಲಿದ್ದ ಪತ್ರವನ್ನು ಅವರೇ ತೆಗೆದರು.

ಸ್ಮಾರ್ಟ್ ಮೀಟರಿನ ಅಂಕಿಗಳು ಹೀಗಿವೆ. ಹೀಟರ್ ಬಳಸುತ್ತಿದ್ದ ಕೊನೆಯ ವಾರ ಗ್ಯಾಸ್ 395 ಯೂನಿಟ್, ಕರೆಂಟು 112. ಹೊಸ ವ್ಯವಸ್ಥೆಯ ಮೊದಲ ಪೂರ್ತಿ ವಾರ ಗ್ಯಾಸ್ 452, ಕರೆಂಟು 63. ಸ್ಥಿರ ಶುಲ್ಕ ಬಿಟ್ಟು 54 ಪೌಂಡ್ 36 ಪೆನ್ಸ್ ಇದ್ದದ್ದು 45 ಪೌಂಡ್ 3 ಪೆನ್ಸ್ ಆಗಿದೆ. ಎರಡು ವಾರಗಳ ಹೊರಗಿನ ಚಳಿ ಒಂದೇ ಆಗಿರಲಿಲ್ಲವಾದ್ದರಿಂದ ಪೂರ್ತಿ ನಂಬುವಂತಿಲ್ಲ ಎಂದು ಅವರೇ ಹೇಳಿದರು, ಜನವರಿಯ ಕೊನೆಯವರೆಗೆ ಬರೆದಿಡುತ್ತಾರಂತೆ.

ಅಕ್ಕಾ, ಬೀರುವಿನ ಹಿಂದೆ ಅಂಗೈಯಗಲ ಬೂಷ್ಟು ಇತ್ತು, ಮಾಲೀಕರಿಗೆ ಫೋಟೋ ಸಮೇತ ಬರೆದಿದ್ದೇವೆ. ರಕ್ತಪರೀಕ್ಷೆಗೆ ಕೊಟ್ಟಿದ್ದೇನೆ, ಫಲಿತಾಂಶ ಬರಬೇಕು. ಕುಲಾವಿ ತೆಗೆದದ್ದಕ್ಕೆ ಅಮ್ಮ ಫೋನಿನಲ್ಲಿ ಬೈದರು.

ಒಂದು ಪ್ರಶ್ನೆ ಉಳಿದಿದೆ. ಮಗುವಿನ ಕೋಣೆಯ ರೇಡಿಯೇಟರ್ ಕೆಳಗೆ ಬಿಸಿಯಾಗುತ್ತದೆ, ಮೇಲ್ಭಾಗ ತಣ್ಣಗೇ ಇರುತ್ತದೆ. ಬಾಡಿಗೆ ಮನೆಯಲ್ಲಿ ಇದನ್ನು ನಾವೇ ಸರಿಮಾಡಬಹುದೇ?

ಉತ್ತರ 5: ಹೀಟಿಂಗ್ ವಿನ್ಯಾಸಕ, ಲೆಸ್ಟರ್

ಸರಿಮಾಡಬಹುದು. ಒಳಗೆ ಗಾಳಿ ಸೇರಿಕೊಂಡಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದೆರಡು ಪೌಂಡಿಗೆ ರೇಡಿಯೇಟರ್ ಕೀ ಸಿಗುತ್ತದೆ. ಹೀಟಿಂಗ್ ಆರಿಸಿ, ರೇಡಿಯೇಟರ್ ತಣಿದ ಮೇಲೆ, ಮೇಲಿನ ಮೂಲೆಯ ಚೌಕದ ತಿರುಪಿನ ಕೆಳಗೆ ಹಳೆಯ ಬಟ್ಟೆ ಹಿಡಿದು ಕೀಲಿಯನ್ನು ಕಾಲು ಸುತ್ತು ಎಡಕ್ಕೆ ತಿರುಗಿಸಿ. ಸುಯ್ ಎಂದು ಗಾಳಿ ಬರುತ್ತದೆ. ನೀರು ಹನಿಯಲು ಶುರುವಾದ ಕೂಡಲೇ ಬಿಗಿ ಮಾಡಿ. ನೀರು ಕಪ್ಪಗಿದ್ದರೆ ಮಾಲೀಕರಿಗೆ ತಿಳಿಸಿ, ಕೊಳವೆಗಳಲ್ಲಿ ಕೆಸರು ತುಂಬಿದೆ ಎಂದು ಅರ್ಥ. ಕೆಲಸ ಮುಗಿದ ಮೇಲೆ ಬಾಯ್ಲರಿನ ಒತ್ತಡದ ಮುಳ್ಳು ನೋಡಿ. ವ್ಯವಸ್ಥೆ ತಣ್ಣಗಿರುವಾಗ 1ರಿಂದ 1.5 ಬಾರ್ ಒಳಗೆ ಇರಬೇಕು. ಕೆಳಗಿಳಿದಿದ್ದರೆ ಬಾಯ್ಲರ್ ಜೊತೆ ಬಂದ ಕೈಪಿಡಿಯಲ್ಲಿ ನೀರು ತುಂಬಿಸುವ ಕ್ರಮವಿರುತ್ತದೆ, ಅದನ್ನು ನೋಡಿಕೊಂಡೇ ತುಂಬಿಸಿ.